ಮೆಣಸಿನ ಪೀಪಾಯಿಯನ್ನು ಒಡೆದ ಕಿರಾಣಿ ವರ್ತಕ

ಕಿರಾಣಿ ಅಂಗಡಿಯವನ ಜೀವನಚರಿತ್ರೆಯನ್ನು ಬರೆಯುವವರು ಯಾರು? ಅರಸರ, ದಿವಾನರ, ಕವಿಗಳ ಚರಿತ್ರೆಗಳು ನಮ್ಮ ಗ್ರಂಥಾಲಯಗಳಲ್ಲಿ ಸಾಲುಸಾಲಾಗಿವೆ. ತಕ್ಕಡಿ ಹಿಡಿದು ಬಾಳಿದವನ ಬದುಕು ಮಾತ್ರ ಅವನ ಖಾತೆಪುಸ್ತಕದೊಡನೆಯೇ ಗೆದ್ದಲಿನ ಪಾಲಾಗುತ್ತದೆ. 1852ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ‘ದಿ ಸಕ್ಸೆಸ್‌ಫುಲ್ ಮರ್ಚೆಂಟ್’ ಎಂಬ ಗ್ರಂಥ ಇದಕ್ಕೊಂದು ಅಪವಾದ. ಅದರ ನಾಯಕ ಬ್ರಿಸ್ಟಲ್ ನಗರದ ಸಮೀಪದ ಕಿಂಗ್ಸ್‌ವುಡ್ ಎಂಬ ಊರಿನ ಕಿರಾಣಿ ವರ್ತಕ ಸ್ಯಾಮ್ಯುಯೆಲ್ ಬಜೆಟ್. (ಆಯವ್ಯಯ ಪತ್ರಕ್ಕೂ ಈ ಹೆಸರಿಗೂ ಸಂಬಂಧ ಕಲ್ಪಿಸಬೇಕಿಲ್ಲ, ಅದು ಮನೆತನದ ಹೆಸರು.)

ಗ್ರಂಥಕರ್ತರು ನಮಗೆ ತೀರ ಅಪರಿಚಿತರಲ್ಲ. ವಿಲಿಯಂ ಆರ್ಥರ್ ಎಂಬ ಈ ವೆಸ್ಲಿಯನ್ ಮೆಥಡಿಸ್ಟ್ ಪಾದ್ರಿ 1839ರಲ್ಲಿ ಭಾರತಕ್ಕೆ ಬಂದು ಇಂದಿನ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ನೆಲೆಸಿ, ಆರೋಗ್ಯ ಕೆಟ್ಟು 1841ರಲ್ಲಿ ಸ್ವದೇಶಕ್ಕೆ ಮರಳಿದವರು. ಮೈಸೂರು ಸೀಮೆಯ ಅನುಭವವನ್ನು ಕುರಿತು 1847ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಅಡಕೆ ವ್ಯಾಪಾರಕ್ಕೆ ಹೆಸರಾದ ಗುಬ್ಬಿಯ ಸಂತೆಯನ್ನು ಕಂಡ ಕಣ್ಣುಗಳೇ ಮುಂದೆ ಬ್ರಿಸ್ಟಲ್ ಸೀಮೆಯ ವರ್ತಕನ ಗಲ್ಲಾಪೆಟ್ಟಿಗೆಯನ್ನೂ ನೋಡಿದವೆಂಬುದು ನನಗೆ ಸಂತೋಷ ತರುವ ಸಂಗತಿ.

ಸ್ಯಾಮ್ಯುಯೆಲ್ ಜನಿಸಿದ್ದು 1794ರಲ್ಲಿ, ಸಾಮರ್ಸೆಟ್ ಪ್ರಾಂತದ ರಿಂಗ್ಟನ್ ಎಂಬ ಹಳ್ಳಿಯಲ್ಲಿ. ತಂದೆತಾಯಿಯರದು ಸಣ್ಣ ಅಂಗಡಿ, ದೊಡ್ಡ ಸಂಸಾರ. ತಾಯಿ ಒಳಕೋಣೆಯಲ್ಲಿ ಒಬ್ಬೊಬ್ಬ ಮಗುವಿನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದುದನ್ನು ಬಾಲಕ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡದ್ದು ಅವನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಸುಮಾರು ಹತ್ತರ ಪ್ರಾಯದಲ್ಲಿ ದಾರಿಯಲ್ಲಿ ಸಿಕ್ಕ ಕುದುರೆಲಾಳವೊಂದನ್ನು ಮೈಲಿಗಟ್ಟಲೆ ಹೊತ್ತೊಯ್ದು ಕಮ್ಮಾರನಿಗೆ ಒಂದು ಪೆನ್ನಿಗೆ ಮಾರಿದ್ದು ಅವನ ಮೊದಲ ವ್ಯಾಪಾರ. ಅಲ್ಲಿಂದ ಚಿಲ್ಲರೆ ಕೊಳ್ಳುವಿಕೆ, ಮಾರುವಿಕೆ ನಡೆದು, ಹದಿನೈದು ತುಂಬುವ ಹೊತ್ತಿಗೆ ಮೂವತ್ತು ಪೌಂಡ್ ಕೂಡಿತು. ಆ ಕಾಲಕ್ಕೆ ಅದು ಅಲ್ಪ ಮೊತ್ತವಲ್ಲ. ಅಷ್ಟನ್ನೂ ಆತ ತಂದೆತಾಯಿಯರ ಕೈಗಿತ್ತು, ಬರಿಗೈಯಲ್ಲಿ ಕಿಂಗ್ಸ್‌ವುಡ್‌ನಲ್ಲಿದ್ದ ಮಲಅಣ್ಣ ಹೆನ್ರಿಯ ಅಂಗಡಿಗೆ ಕೆಲಸ ಕಲಿಯಲು ಸೇರಿದ.

ಅಣ್ಣ ಸುಲಭದ ಮನುಷ್ಯನಲ್ಲ. ತಮ್ಮನದು ಕುಳ್ಳು, ಕೃಶ ಶರೀರ. ಒಮ್ಮೆ ಕೈಲಾಗದವನೆಂದು ಅವನನ್ನು ಬಿಡಿಸಿಯೂ ಬಿಟ್ಟಿದ್ದ. ಬ್ರಿಸ್ಟಲಿನ ಇನ್ನೊಬ್ಬ ವರ್ತಕ ಅದೇ ಹುಡುಗನಿಗೆ ಕೆಲಸ ಕೊಟ್ಟ ಮೇಲೆ ಅಣ್ಣನಿಗೆ ಬೆಲೆ ತಿಳಿಯಿತು. ಮನೆಯವರ ಬೆಲೆಯನ್ನು ಹೊರಗಿನವರಿಂದ ತಿಳಿಯುವ ಈ ರೂಢಿ ನಮ್ಮ ಅಂಗಡಿಗಳಲ್ಲಿಯೂ ಇಲ್ಲವೆನ್ನಲಾರೆ. ಮುಂದೆ ಸ್ಯಾಮ್ಯುಯೆಲ್ ಅಣ್ಣನ ಪಾಲುದಾರನಾದ. ಹೆನ್ರಿ ಮತ್ತು ಸ್ಯಾಮ್ಯುಯೆಲ್ ಇಬ್ಬರ ಹೆಸರಿನಲ್ಲಿಯೂ ವ್ಯವಹಾರ ನಡೆಯಿತು.

ಕಿಂಗ್ಸ್‌ವುಡ್ ಕಲ್ಲಿದ್ದಲ ಗಣಿಗಾರರ ಒರಟು ಊರು. 1739ರಲ್ಲಿ ಜಾರ್ಜ್ ವೈಟ್‌ಫೀಲ್ಡ್, ಅವರ ಬೆನ್ನಿಗೇ ಜಾನ್ ವೆಸ್ಲಿ, ಬಯಲಿನಲ್ಲಿ ನಿಂತು ಈ ಗಣಿಗಾರರಿಗೆ ಉಪದೇಶಿಸಿದ್ದರಿಂದ ಮೆಥಡಿಸ್ಟ್ ಪಂಥಕ್ಕೆ ಅದು ತವರಿನಂತಾಯಿತು. ವೆಸ್ಲಿ ಸಹೋದರರು 1743ರಲ್ಲಿ ತಮ್ಮ ಸಂಘದ ಸದಸ್ಯರಿಗೆ ವಿಧಿಸಿದ ನಿಯಮಗಳನ್ನು ವರ್ತಕರಾದ ನಾವು ಒಮ್ಮೆ ನೋಡಬೇಕು. ಸುಂಕ ತಪ್ಪಿಸಿದ ಸರಕನ್ನು ಕೊಳ್ಳುವುದೂ ಮಾರುವುದೂ ಸಲ್ಲದು. ವ್ಯಾಪಾರದಲ್ಲಿ ಅತಿಯಾದ ಮಾತು ಕೂಡದು. ತೀರಿಸುವ ಸಂಭವವಿಲ್ಲದೆ ಸಾಲ ಮಾಡಬಾರದು. ಅನ್ಯಾಯದ ಬಡ್ಡಿ ಪಡೆಯಬಾರದು. ಪೂಜೆ ಪ್ರಾರ್ಥನೆಗಳ ನಿಯಮಾವಳಿಯಲ್ಲಿಯೇ ಇವೂ ಸೇರಿದ್ದವು. ಕಾಯಕದ ಶುದ್ಧಿಯನ್ನು ಭಕ್ತಿಯಿಂದ ಬೇರ್ಪಡಿಸದ ಶರಣರ ನಾಡಿನವರಿಗೆ ಇದು ಹೊಸತೆನಿಸದು.

ಇನ್ನು ಪೀಪಾಯಿಯ ಸಂಗತಿ. ಆ ಕಾಲದ ಇಂಗ್ಲೆಂಡಿನ ಕಿರಾಣಿ ಅಂಗಡಿಗಳಲ್ಲಿ ಮೆಣಸಿನ ಪುಡಿಗೆ ‘ಪಿ.ಡಿ.’ ಎಂಬ ಇನ್ನೊಂದು ಪುಡಿಯನ್ನು ಬೆರೆಸುವುದು ರೂಢಿಯಾಗಿತ್ತು. ಪಿ.ಡಿ. ಎಂದರೆ ಪೆಪ್ಪರ್ ಡಸ್ಟ್, ಅಂದರೆ ಮೆಣಸಿನ ಉಗ್ರಾಣದ ಕಸಗುಡಿಸಿದ ಧೂಳು. ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಅಕ್ಕುಮ್ 1820ರಲ್ಲಿ ಕಲಬೆರಕೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಇದರ ಉಲ್ಲೇಖವಿದೆ. ಆ ಧೂಳಿಗಿಂತ ಕೀಳಾದ ‘ಡಿ.ಪಿ.ಡಿ.’ ಎಂಬುದೂ ಇದ್ದಿತಂತೆ! ಹೆನ್ರಿಯ ಅಂಗಡಿಯಲ್ಲಿಯೂ ಪಿ.ಡಿ. ಎಂದು ಬರೆದ ಪೀಪಾಯಿ ಇತ್ತು. ಎಲ್ಲರೂ ಮಾಡುವುದನ್ನೇ ಸ್ಯಾಮ್ಯುಯೆಲ್ ಕೂಡ ಮಾಡಿದ. ಆದರೆ ಮನಸ್ಸು ಒಪ್ಪಲಿಲ್ಲ. ಒಂದು ರಾತ್ರಿ ಆ ಪೀಪಾಯಿಯನ್ನು ಹೊತ್ತು ಕಲ್ಲುಗಣಿಗೆ ಹೋಗಿ, ಒಡೆದು, ಧೂಳನ್ನೆಲ್ಲ ಚೆಲ್ಲಿ ಬಂದ. ಮರುದಿನ ಬೆಳಗಾಗುತ್ತಲೇ ಮತ್ತೆ ಅಲ್ಲಿಗೆ ಹೋಗಿ ಪೀಪಾಯಿಯ ಹಲಗೆಗಳನ್ನು ಆರಿಸಿ ತಂದ. ಹಲಗೆ ಏನು ಪಾಪ ಮಾಡಿತ್ತು, ವ್ಯರ್ಥವಾಗುವುದೇಕೆ? ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಈ ಹಲಗೆಗಳ ಪ್ರಸಂಗ. ಕಥೆ ಕಟ್ಟುವವನಾದರೆ ಅದನ್ನು ಬಿಟ್ಟುಬಿಡುತ್ತಿದ್ದ.

ಆಗ ಕಲಬೆರಕೆಯನ್ನು ಒಟ್ಟಾರೆ ತಡೆಯುವ ಕಾನೂನು ಅಲ್ಲಿ ಇರಲಿಲ್ಲವೆಂಬುದನ್ನು ನೆನಪಿಡಬೇಕು. 1858ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಪಾಷಾಣ ಬೆರೆತ ಮಿಠಾಯಿ ತಿಂದು ಸುಮಾರು 20 ಮಂದಿ ಸತ್ತ ಮೇಲೆ 1860ರಲ್ಲಿ ಮೊದಲ ಕಾಯಿದೆ ಬಂತು. ಬಿಗಿಯಾದ ಕಾಯಿದೆಗೆ 1875ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ 1954ರ ಕಾಯಿದೆಯಿತ್ತು, ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಕಾಯಿದೆ ಬಂದಿದೆ. ಆದರೂ ಕಾಳುಮೆಣಸಿನಲ್ಲಿ ಪರಂಗಿ ಬೀಜ ಕಾಣಿಸಿಕೊಳ್ಳುವುದು ನಿಂತಿಲ್ಲ. ಮೆಣಸು ಬೆಳೆಯುವ ನಾಡಿನಲ್ಲಿಯೇ ಹೀಗಾದರೆ ದೂರದ ಗಿರಾಕಿ ಯಾರನ್ನು ನಂಬಬೇಕು?

ಚಿಲ್ಲರೆ ಅಂಗಡಿಯಿಂದ ಸಗಟಿಗೆ ಸ್ಯಾಮ್ಯುಯೆಲ್ ಏರಿದ ಬಗೆ ನಿಧಾನದ್ದು. ಸುತ್ತಲಿನ ಹಳ್ಳಿಗಳಿಗೆ ತಾನೇ ಹೋಗಿ ಸಣ್ಣ ಅಂಗಡಿಗಳ ಬೇಡಿಕೆ ಪಡೆಯುವುದು, ಸರಕು ಕೊಳ್ಳುವಾಗ ನಗದು ಕೊಡುವುದು, ಮಾರಿದ್ದಕ್ಕೆ ಗೊತ್ತಾದ ದಿನದಂದೇ ಹಣ ಪಡೆಯುವುದು. ವಾಯಿದೆ ಮೀರಿದವನಿಗೆ ಮುಂದಿನ ಸರಕಿಲ್ಲ. ದೀರ್ಘ ಉದ್ದರಿಗೆ ಒಗ್ಗಿದ್ದ ಪೇಟೆಯಲ್ಲಿ ಇದು ಕಠೋರವೆನಿಸಿರಬೇಕು. ಆದರೆ ಕಠೋರತೆ ಎರಡೂ ಕಡೆಗೆ ಸಮನಾಗಿತ್ತು. ತಾನು ಕೊಡಬೇಕಾದುದನ್ನು ಆತ ತಡೆಹಿಡಿಯಲಿಲ್ಲ.

ನಾವು ಎಡವುವುದು ಇಲ್ಲಿಯೇ. ದೊಡ್ಡ ಕಂಪನಿಗಳು ನಮ್ಮ ಬಿಲ್ಲುಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತವೆಂದು ಸಭೆಸಭೆಯಲ್ಲೂ ದೂರುತ್ತೇವೆ. ದೂರು ನ್ಯಾಯವಾದುದೇ. 2006ರ ಸಣ್ಣ ಉದ್ಯಮಗಳ ಅಭಿವೃದ್ಧಿ ಕಾಯಿದೆ ಪಾವತಿಗೆ ಗರಿಷ್ಠ 45 ದಿನಗಳ ಮಿತಿ ಹಾಕಿ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ವಿಧಿಸಿತು. 2023ರ ಹಣಕಾಸು ಕಾಯಿದೆ, ಆ ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದೆಂದಿತು. ಈ ನಿಯಮ ಬಂದಾಗ ನಮ್ಮ ವಲಯದಲ್ಲಿಯೇ ಎದ್ದ ಗದ್ದಲ ಎಂಥದು! ಸಣ್ಣ ತಯಾರಕನಿಗೆ ಕೊಡಬೇಕಾದವರಲ್ಲಿ ನಾವೂ ಇದ್ದೇವೆಂಬುದು ಆಗ ಬಯಲಾಯಿತು. ಡಬ್ಬಿ ಮಾಡುವವನ, ಚೀಲ ಹೊಲಿಯುವವನ, ಲೇಬಲ್ ಮುದ್ರಿಸುವವನ ಬಾಕಿಯನ್ನು ನಮ್ಮ ದುಡಿಯುವ ಬಂಡವಾಳವೆಂದು ಭಾವಿಸುವ ಅಭ್ಯಾಸ ಬಿಡದೆ, ದೊಡ್ಡವರ ಮುಂದೆ ನಮ್ಮ ದನಿ ಗಟ್ಟಿಯಾಗದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸ್ಯಾಮ್ಯುಯೆಲ್ ನಿರ್ದೋಷಿಯಾಗಿದ್ದನೆಂದು ಹೇಳುತ್ತಿಲ್ಲ. ಕೊಳ್ಳುವಾಗ ಅವನ ಚೌಕಾಸಿ ಅತಿಯಾಗಿತ್ತು. ಪಾದ್ರಿ ಆರ್ಥರ್ ಅದನ್ನು ಮುಚ್ಚಿಟ್ಟಿಲ್ಲ. ಆದರೆ ಅದೇ ವರ್ತಕ ಕೆಲಸಗಾರರ ದುಡಿಮೆಯ ಅವಧಿಯನ್ನು ಹಂತಹಂತವಾಗಿ ಇಳಿಸಿ, ಅವರು ಸಂಜೆ ಮನೆ ಸೇರುವಂತೆ ಮಾಡಿದ. ಅಂಗಡಿಯಲ್ಲಿ ನಿತ್ಯ ಬೆಳಗ್ಗೆ ಅವರೊಡನೆ ಪ್ರಾರ್ಥನೆಗೆ ಕುಳಿತ. 1842ರಲ್ಲಿ ಕಿಂಗ್ಸ್‌ವುಡ್‌ನ ಉಗ್ರಾಣ ಬೆಂಕಿಗೆ ಆಹುತಿಯಾದಾಗ ಕಂಗೆಡದೆ ಬ್ರಿಸ್ಟಲಿನ ನೆಲ್ಸನ್ ಬೀದಿಯಲ್ಲಿ ವ್ಯವಹಾರವನ್ನು ನಿಲ್ಲಿಸಿ ನಡೆಸಿದ. 1851ರ ಏಪ್ರಿಲಿನಲ್ಲಿ ತೀರಿಕೊಂಡಾಗ, ಹಳ್ಳಿಯ ಅಂಗಡಿಯಾಗಿ ಆರಂಭವಾದುದು ಇಂಗ್ಲೆಂಡಿನ ಪಶ್ಚಿಮ ಭಾಗದ ದೊಡ್ಡ ಸಗಟು ಮಳಿಗೆಗಳಲ್ಲೊಂದಾಗಿತ್ತು. ಅವನ ನಂತರವೂ ಅದು ಅಣ್ಣತಮ್ಮಂದಿರ ಹೆಸರಿನಲ್ಲಿಯೇ ಮುಂದುವರಿಯಿತು.

ಗುಬ್ಬಿ, ತಿಪಟೂರು, ರಾಣೆಬೆನ್ನೂರು, ಗದಗ, ದಾವಣಗೆರೆಗಳ ಪೇಟೆಬೀದಿಗಳಲ್ಲಿ ಮೂರು ನಾಲ್ಕು ತಲೆಮಾರು ಕಂಡ ಅಂಗಡಿಗಳು ಎಷ್ಟೋ ಇವೆ. ಅವುಗಳ ಅಟ್ಟದ ಮೇಲೆ ಕಿರ್ದಿ, ಖಾತೆ, ಪತ್ರವ್ಯವಹಾರದ ಕಟ್ಟುಗಳು ಧೂಳು ಹಿಡಿದು ಕುಳಿತಿವೆ. ಮಳಿಗೆಯನ್ನು ನವೀಕರಿಸುವ ಉತ್ಸಾಹದಲ್ಲಿ ಅವನ್ನು ಗುಜರಿಗೆ ತೂಗಿ ಹಾಕುವ ಮುನ್ನ ಸದಸ್ಯರು ಒಂದು ದಿನ ಬಿಡುವು ಮಾಡಿಕೊಂಡು ತೆರೆದು ನೋಡಲಿ. ನಮ್ಮ ಸಂಸ್ಥೆ ಅವುಗಳಿಗಾಗಿ ಒಂದು ಕಪಾಟನ್ನು ಮೀಸಲಿಡಲಿ ಎಂದು ಆಡಳಿತ ಮಂಡಳಿಯನ್ನು ಈ ಮೂಲಕ ಕೋರುತ್ತೇನೆ.