ಕಡಲ್ಗಳ್ಳರ ಹುಟ್ಟುಹಬ್ಬ

ಮಗುವಿಗೆ ಈ ಸಲ 'ಪೈರೇಟ್' ಹುಟ್ಟುಹಬ್ಬವೇ ಬೇಕಂತೆಯೇ? ಗಾಬರಿ ಬೇಡ. ಕಪ್ಪು ಚಾರ್ಟ್ ಪೇಪರಿನ ಟೋಪಿ, ಎಲಾಸ್ಟಿಕ್ ಕಟ್ಟಿದ ಕಣ್ಣುಪಟ್ಟಿ, ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ ನಿಧಿಯ ನಕ್ಷೆ, ತುಳಸಿ ಕುಂಡದ ಹಿಂದೆ ಬಚ್ಚಿಟ್ಟ ಚಾಕೊಲೇಟ್ ನಾಣ್ಯ. ಇಷ್ಟು ಸಾಕು.

ಕಥೆಯನ್ನೂ ಕೆರಿಬಿಯನ್‌ನಿಂದ ತರಬೇಕಿಲ್ಲ. ಇಂಗ್ಲಿಷರು ಕಡಲ್ಗಳ್ಳನೆಂದು ಕರೆದ ಕಾನ್ಹೋಜಿ ಆಂಗ್ರೆ ಮರಾಠರ ನೌಕಾಪಡೆಯ ಮುಖ್ಯಸ್ಥ. ಮುಂಬಯಿಯ ನೌಕಾನೆಲೆಗೆ ಇಂದು ಅವರದೇ ಹೆಸರು. ಇತ್ತ ನಮ್ಮ ಹೊನ್ನಾವರದ ತಿಮೋಜ ಹಡಗು ದೋಚುತ್ತಿದ್ದವನು. 1510ರಲ್ಲಿ ಗೋವೆ ಹಿಡಿಯಲು ಪೋರ್ಚುಗೀಸರಿಗೆ ಜತೆಯಾದ.

ಇವರಲ್ಲಿ ಕಳ್ಳ ಯಾರು, ಕಾವಲುಗಾರ ಯಾರು? ಉತ್ತರ ನಾವು ಹೇಳುವುದು ಬೇಡ. ಟೋಪಿ ತೊಟ್ಟ ಮಕ್ಕಳೇ ಕನ್ನಡದಲ್ಲಿ ವಾದಿಸಲಿ. ಕೇಕ್ ಹತ್ತು ನಿಮಿಷ ಕಾಯುತ್ತದೆ.