ಗೂಡು ತೋರಿಸಬೇಡಿ, ಅತ್ತಿಮರ ತೋರಿಸಿ



ಕಾಫಿಯ ಧಾರಣೆ, ಅಡಿಕೆಯ ಕೊಳೆರೋಗ, ಗೊಬ್ಬರದ ಸರಬರಾಜು ಇವನ್ನೆಲ್ಲ ಬಿಟ್ಟು ಈ ಪುಟಕ್ಕೆ ಹಕ್ಕಿಗಳ ವಿಷಯ ತಂದಿರುವುದನ್ನು ಕಂಡು ಕೆಲವರಿಗೆ ನಗು ಬರಬಹುದು. ಆದರೆ ತೋಟದ ಮನೆಯಲ್ಲಿ ಅತಿಥಿಗಳನ್ನು ಇಳಿಸಿಕೊಳ್ಳುವುದು ಈಚೆಗೆ ನಮ್ಮಲ್ಲಿ ಅನೇಕರಿಗೆ ಉಪ ಆದಾಯವಾಗಿದೆ. ಆ ಅತಿಥಿಗಳಲ್ಲಿ ಉದ್ದನೆಯ ಲೆನ್ಸಿನ ಕ್ಯಾಮೆರಾ ಹೊತ್ತು ಬರುವವರೂ ಇದ್ದಾರೆ. ಆದ್ದರಿಂದ ಇದು ನಮ್ಮ ವ್ಯವಹಾರದ ಮಾತೂ ಹೌದು.

ಹಕ್ಕಿ ನೋಡುವುದು ಒಳ್ಳೆಯ ಹವ್ಯಾಸವೆಂಬುದರಲ್ಲಿ ಎರಡು ಮಾತಿಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದ ಪೂರ್ಣಚಂದ್ರ ತೇಜಸ್ವಿಯವರು (1938-2007) ನಮ್ಮಂತೆಯೇ ಕಾಫಿ ಬೆಳೆಗಾರರು. ಕೋವಿ ಹಿಡಿದು ತೋಟ ಸುತ್ತುತ್ತಿದ್ದ ಕಾಲಕ್ಕಿಂತ ಕ್ಯಾಮೆರಾ ಹಿಡಿದು ಸುತ್ತುವ ಕಾಲ ಎಷ್ಟೋ ಮೇಲು. ನನ್ನ ತಕರಾರು ಇರುವುದು ಗೂಡಿನ ಚಿತ್ರದ ಬಗ್ಗೆ ಮಾತ್ರ.

ಕಾಫಿ ಹೂವು ನೋಡಲು ಜನ ಬರುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ದಿನಗಳೇ ಬೂದು ಮಂಗಟ್ಟೆಯ ಗೂಡಿನ ಕಾಲ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಇದು. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಸೇರಿ, ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಂಡು, ಒಂದು ಸೀಳನ್ನಷ್ಟೇ ಉಳಿಸಿಕೊಂಡು ವಾರಗಟ್ಟಲೆ ಒಳಗಿರುತ್ತದೆ. ಅದಕ್ಕೂ ಮರಿಗೂ ಆಹಾರ ತರುವುದು ಗಂಡು. ಮರದ ಕೆಳಗೆ ನಾಲ್ಕು ಜನ ಸ್ಟ್ಯಾಂಡು ನೆಟ್ಟು ಕುಳಿತರೆ ಗಂಡು ಹತ್ತಿರ ಸುಳಿಯಲು ಅಂಜುತ್ತದೆ. ಒಳಗಿರುವುದು ಉಪವಾಸ. ಇನ್ನು ಕೆಲವರು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುತ್ತಾರೆ. ಎದುರಾಳಿ ಬಂದನೆಂದು ತಿಳಿದ ಹಕ್ಕಿ ಗೂಡು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಬೆಳಕಿಗೆ ಅಡ್ಡವೆಂದು ಗೂಡಿನ ಮುಂದಿನ ರೆಂಬೆ ಕಡಿದರೆ, ಕಾಗೆಗೂ ಹದ್ದಿಗೂ ದಾರಿ ತೋರಿಸಿದಂತೆ.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಪದದ ಅರ್ಥವಿವರಣೆಯೊಳಗೇ ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿದೆ ಎಂಬುದನ್ನು ಸದಸ್ಯರು ಗಮನಿಸಬೇಕು. ಹಕ್ಕಿ ನೋಡುವವರು ಬಹಳವಿರುವ ಬ್ರಿಟನ್ನಿನಲ್ಲೂ, 1981ರ ಕಾಯಿದೆಯಂತೆ, ಮಿಂಚುಳ್ಳಿಯಂಥ ಹಕ್ಕಿಯನ್ನು ಅದರ ಗೂಡಿನ ಬಳಿ ಲೈಸೆನ್ಸ್ ಇಲ್ಲದೆ ಕಾಡುವುದು ಅಪರಾಧ. ಅಲ್ಲಿಗೆ ಪ್ರವಾಸ ಹೋಗಿ ಬಂದವರು ಚಿತ್ರಗಳ ಜೊತೆಗೆ ಈ ಶಿಸ್ತನ್ನೂ ತಂದರೆ ಚೆನ್ನ.

"ಗೂಡು ತೋರಿಸದಿದ್ದರೆ ಅತಿಥಿ ಪಕ್ಕದ ತೋಟಕ್ಕೆ ಹೋಗುತ್ತಾನೆ" ಎಂಬ ಆಕ್ಷೇಪಣೆ ಬರುತ್ತದೆ. ಅದು ನ್ಯಾಯವಾದ ಆತಂಕವೇ. ಉತ್ತರ ನಮ್ಮ ತೋಟದಲ್ಲಿಯೇ ಇದೆ. ಹಣ್ಣು ಬಿಟ್ಟ ಒಂದು ಬಸರಿ ಅಥವಾ ಅತ್ತಿಮರದ ಎದುರು ಬೆಳಗಿನ ಹೊತ್ತು ದೂರದಲ್ಲಿ ಕುಳಿತವನಿಗೆ ಮಂಗಟ್ಟೆ, ಕುಟ್ರು, ಪಿಕಳಾರ ತಾವಾಗಿಯೇ ಬಂದು ಚಿತ್ರ ಕೊಡುತ್ತವೆ. ಯಾವ ಮರಿಯೂ ಹಸಿಯುವುದಿಲ್ಲ.

ಆದರೆ ಅದಕ್ಕೆ ಅತ್ತಿಮರ ಇರಬೇಕಲ್ಲ! ನೆರಳಿಗೆಂದು ಅಜ್ಜಂದಿರು ಉಳಿಸಿದ ಅತ್ತಿ, ಬಸರಿ, ಗೋಣಿಗಳನ್ನು ತೆಗೆದು ನಾವು ಆಸ್ಟ್ರೇಲಿಯಾದ ಸಿಲ್ವರ್ ಓಕ್ ಹಾಕುತ್ತಾ ಬಂದಿದ್ದೇವೆ. ಮೆಣಸಿನ ಬಳ್ಳಿಗೆ ಅನುಕೂಲ, ಮಾರಲು ಸುಲಭ, ಒಪ್ಪೋಣ. ಆದರೆ ಹಕ್ಕಿ ತಿನ್ನುವ ಹಣ್ಣು ಅದರಲ್ಲಿಲ್ಲ. ಅಡಿಕೆ ಬೆಳೆಗಾರರೂ ಕೇಳಬೇಕು. ಉತ್ತರ ಕನ್ನಡದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಆ ಸೀಮೆಯ ಕಾಡಿನ ಹಕ್ಕಿ ಜಾತಿಗಳಲ್ಲಿ ಶೇಕಡಾ 90ರಷ್ಟು ಅಡಿಕೆ ಬೆಳೆಯುವ ಪ್ರದೇಶದಲ್ಲೂ ಉಳಿದಿವೆ. ಕಾರಣ, ತೋಟಕ್ಕೆ ತಾಗಿ ಸೊಪ್ಪಿಗಾಗಿ ಉಳಿಸಿಕೊಂಡ ಬೆಟ್ಟ. ಬೆಟ್ಟ ಬೋಳಾದರೆ ಆ ಲೆಕ್ಕವೂ ಬೋಳಾಗುತ್ತದೆ.

ಆದ್ದರಿಂದ ಮುಂದಿನ ಸರ್ವ ಸದಸ್ಯರ ಸಭೆಯ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಒಂದು, ಹಣ ಕೊಟ್ಟರೂ ಗೂಡಿನ ಮರ ತೋರಿಸಕೂಡದು. ಎರಡು, ತೋಟದಲ್ಲಿ ಮುದ್ರಿತ ಕೂಗು ಹಾಕಲು ಬಿಡಕೂಡದು. ಈ ಎರಡನ್ನೂ ಅತಿಥಿ ಬಂದಿಳಿದಾಗಲೇ ತಿಳಿಸಿಬಿಡಬೇಕು. ಮೂರು, ಪೊಟರೆಯಿರುವ ಹಳೆಯ ಮರವನ್ನೂ ಹಣ್ಣಿನ ಅತ್ತಿ ಬಸರಿಗಳನ್ನೂ ನೆರಳು ಸವರುವಾಗ ಕಡಿಯದೆ ಬಿಡಬೇಕು. ಒಂದೆರಡು ತೋಟದವರು ಪಾಲಿಸಿದರೆ ಸಾಲದು, ಎಲ್ಲರೂ ಪಾಲಿಸಿದರೆ ಯಾರಿಗೂ ನಷ್ಟವಿಲ್ಲ. ಸಹಕಾರವೆಂದರೆ ಇದೇ ತಾನೆ?