ಅಪರಿಚಿತವೆಲ್ಲ ಅಪಾಯವೆ?

ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ಉಪಕರಣಗಳಲ್ಲೆಲ್ಲ ಅತ್ಯಂತ ಜಟಿಲವಾದುದು ಗಣಕಯಂತ್ರ. ಆದರೆ ಪ್ರಯೋಗಶಾಲೆಯ ಒಂದು ಸಾಮಾನ್ಯ ಸ್ಕ್ರೂಗೇಜಿಗೆ ಸಲ್ಲುವ ಮರ್ಯಾದೆಯೂ ಅದಕ್ಕೆ ಸಲ್ಲುತ್ತಿಲ್ಲ. ಸ್ಕ್ರೂಗೇಜನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಮೊದಲು ಅದರ ಶೂನ್ಯದೋಷವನ್ನು ನೋಡಿ ಬರೆದುಕೊಳ್ಳುತ್ತಾನೆ. ತಂತಿಯ ದಪ್ಪವನ್ನು ಅಳೆಯುವುದು ಆಮೇಲೆ. ಅದೇ ವಿದ್ಯಾರ್ಥಿಯು ತನ್ನ ಗಣಕಯಂತ್ರದಲ್ಲಿ ಕಂಡರಿಯದ ಹೆಸರೊಂದು ಎದುರಾದ ಕೂಡಲೆ ನೋಡುವುದನ್ನೂ ಬರೆಯುವುದನ್ನೂ ಮರೆತು, ಒಂದೋ ಅದನ್ನು ಅಳಿಸಿಹಾಕುತ್ತಾನೆ, ಇಲ್ಲವೆ ಯಂತ್ರವನ್ನು ಅಂಗಡಿಗೆ ಒಯ್ದು ‘ಫಾರ್ಮ್ಯಾಟ್’ ಮಾಡಿಸಿಕೊಂಡು ಬರುತ್ತಾನೆ. ಆ ಹೆಸರಿನೊಡನೆ ಅವನ ವರ್ಷದ ಟಿಪ್ಪಣಿಗಳೂ ಪ್ರಯೋಗದ ವರದಿಗಳೂ ಅಳಿಸಿಹೋಗುವುದುಂಟು. ಇದು ಗಣಕವಿದ್ಯೆಯ ಕೊರತೆಯೆಂದು ಹೆಚ್ಚಿನವರು ಭಾವಿಸುತ್ತಾರೆ. ಇದು ವಿಜ್ಞಾನದ ವಿಧಾನದ ಕೊರತೆಯೆಂದೂ, ಇದರ ಹೊಣೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮ್ಮಂತಹವರಿಗೂ ಪಾಲಿದೆಯೆಂದೂ ನನ್ನ ಅಭಿಪ್ರಾಯ.

ಇಂತಹ ಹೆಸರುಗಳು ಮುಖ್ಯವಾಗಿ ಎರಡು ಕಡೆ ಕಾಣಬರುತ್ತವೆ. ಮೊದಲನೆಯದು ನೆಟ್‌ವರ್ಕ್ ಅಡಾಪ್ಟರುಗಳ ಪಟ್ಟಿ. ಅಡಾಪ್ಟರೆಂದರೆ ಯಂತ್ರವನ್ನು ಜಾಲಕ್ಕೆ ಜೋಡಿಸುವ ದ್ವಾರ. ಹಿಂದೆ ಇದು ಕೇಬಲ್ಲಿನ ತುದಿಯನ್ನು ಸಿಕ್ಕಿಸತಕ್ಕ ಒಂದು ಕಾರ್ಡಾಗಿತ್ತು. ಈಗ ತಂತ್ರಾಂಶವೂ ಇಂತಹ ದ್ವಾರವನ್ನು ಕಲ್ಪಿಸಿಕೊಳ್ಳಬಲ್ಲದು. ಕಾರ್ಡಿಲ್ಲ, ಕೇಬಲ್ಲಿಲ್ಲ, ಆದರೂ ಪಟ್ಟಿಯಲ್ಲಿ ಹೆಸರುಂಟು. ಎರಡನೆಯದು ಪ್ರಕ್ರಿಯೆಗಳ, ಎಂದರೆ ಆ ಕ್ಷಣದಲ್ಲಿ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ. ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದರೆ ಸಾಮಾನ್ಯವಾಗಿ ನೂರಕ್ಕೂ ಮಿಕ್ಕಿದ ಸಾಲುಗಳು ಕಾಣುತ್ತವೆ. ನಾವಾಗಿ ತೆರೆದವು ಅವುಗಳಲ್ಲಿ ನಾಲ್ಕೈದು ಮಾತ್ರ. ಉಳಿದವುಗಳ ಹೆಸರುಗಳು ಬೀಜಾಕ್ಷರಗಳಂತೆ ತೋರಿದರೆ ಆಶ್ಚರ್ಯವೇನೂ ಇಲ್ಲ.

ಹೆಸರು ಕೇಳಿಯೇ ಬೆದರಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಹಳೆಯ ದೃಷ್ಟಾಂತಗಳುಂಟು. 2001ರಲ್ಲಿ ಒಂದು ಇ-ಮೇಲು ದೇಶದಿಂದ ದೇಶಕ್ಕೆ ಹರಡಿತು. ‘ನಿಮ್ಮ ಯಂತ್ರದಲ್ಲಿ ಎಸ್‌ಯುಎಲ್‌ಎಫ್‌ಎನ್‌ಬಿಕೆ ಎಂಬ ಕಡತವಿದೆಯೆ ಎಂದು ಹುಡುಕಿ, ಇದ್ದರೆ ಅದು ವೈರಸ್ಸು, ಕೂಡಲೆ ಅಳಿಸಿ’ ಎಂಬುದು ಅದರ ಸಾರಾಂಶ. ಜನರು ಹುಡುಕಿದರು; ಕಡತ ಇದ್ದೇ ಇತ್ತು; ಅಳಿಸಿದರು; ಸ್ನೇಹಿತರಿಗೂ ಎಚ್ಚರಿಕೆ ಕಳುಹಿಸಿದರು. ಆ ಕಡತವಾದರೋ ಉದ್ದವಾದ ಕಡತನಾಮಗಳನ್ನು ಕಾಪಾಡಲು ವಿಂಡೋಸಿನೊಡನೆಯೇ ಬರುತ್ತಿದ್ದ ಒಂದು ನಿರಪಾಯಕರ ಸಾಧನ. ಮರುವರ್ಷ, 2002ರಲ್ಲಿ, ಇದೇ ನಾಟಕ ಜೆಡಿಬಿಜಿಎಂಜಿಆರ್ ಎಂಬ ಮತ್ತೊಂದು ಕಡತದ ಹೆಸರಿನಲ್ಲಿ ನಡೆಯಿತು. ಅದರ ಚಿಹ್ನೆ ಒಂದು ಆಟಿಕೆಯ ಕರಡಿ. ಗಂಭೀರವಾದ ಯಂತ್ರದೊಳಗೆ ಕರಡಿಮರಿ ಕುಳಿತಿರುವುದನ್ನು ಕಂಡ ಮೇಲೆ ಯಾರ ಸಂಶಯ ತಾನೆ ಬಲವಾಗದು! ಅದೂ ಮೈಕ್ರೋಸಾಫ್ಟಿನದೇ ಕಡತ. ಜಾವಾ ಪ್ರೋಗ್ರಾಮುಗಳ ದೋಷಶೋಧನೆಗೆ ಸಂಬಂಧಿಸಿದುದು. ಈ ಎರಡು ಪ್ರಸಂಗಗಳಲ್ಲಿಯೂ ವೈರಸ್ಸನ್ನು ಬರೆಯುವ ಶ್ರಮವನ್ನು ಯಾರೂ ಪಡಲಿಲ್ಲ. ಕಡತವನ್ನು ಅಳಿಸುವ ಕೆಲಸವನ್ನು ಯಂತ್ರದ ಒಡೆಯರೇ ಮಾಡಿದರು.

ಇಲ್ಲಿ ವಿಚಾರಿಸತಕ್ಕ ಸಂಗತಿಯೆಂದರೆ, ಆ ಜನರು ಪರೀಕ್ಷಿಸದೆ ನಂಬಿದವರಲ್ಲ. ಹುಡುಕಿ ನೋಡಿದರು, ಕಣ್ಣಾರೆ ಕಂಡರು. ಆದರೆ ಆ ಕಡತವು ರೋಗ ತಗಲಿದ ಯಂತ್ರದಲ್ಲಿಯೂ ಇರುತ್ತಿತ್ತು, ಆರೋಗ್ಯವಾದ ಯಂತ್ರದಲ್ಲಿಯೂ ಇರುತ್ತಿತ್ತು. ಊಹೆ ನಿಜವಾಗಿದ್ದರೂ ಸುಳ್ಳಾಗಿದ್ದರೂ ಒಂದೇ ಫಲವನ್ನು ಕೊಡುವ ಪರೀಕ್ಷೆಯು ಪರೀಕ್ಷೆಯೇ ಅಲ್ಲ. ಎರಡು ಊಹೆಗಳಿದ್ದರೆ, ಯಾವ ಪ್ರಶ್ನೆಗೆ ಅವು ಬೇರೆಬೇರೆ ಉತ್ತರ ಕೊಡುವುವೋ ಆ ಪ್ರಶ್ನೆಯನ್ನೇ ಕೇಳಬೇಕು. ಬೆಳಕು ಕಣವೊ ಅಲೆಯೊ ಎಂಬ ಪಾಠದಲ್ಲಿ ಇದನ್ನು ನಾವು ಹೇಳುತ್ತೇವೆ. ಪಾಠದ ಹೊರಗೆ ಮರೆಯುತ್ತೇವೆ.

ನಮ್ಮ ಕಾಲೇಜಿನಲ್ಲಿ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಲ್ಯಾಪ್‌ಟಾಪನ್ನು ತಂದು, “ಸರ್, ಇದರಲ್ಲಿ ನಾನು ಹಾಕದ ಒಂದು ಈಥರ್ನೆಟ್ ಇದೆ. ಕೇಬಲ್ಲೇ ಇಲ್ಲ, ಆದರೂ ಕನೆಕ್ಟೆಡ್ ಎಂದು ತೋರಿಸುತ್ತಿದೆ” ಎಂದಳು. ಯಾರೋ ಒಳಹೊಕ್ಕಿದ್ದಾರೆ, ಎಲ್ಲವನ್ನೂ ಅಳಿಸಬೇಕು ಎಂದು ಅಂಗಡಿಯವರು ಹೇಳಿದ್ದರಂತೆ. ಆ ಅಡಾಪ್ಟರಿನ ವಿಳಾಸ 192.168.56.1. ಇಲ್ಲಿ ಎರಡು ಊಹೆಗಳು ಸಾಧ್ಯ: ಹೊರಗಿನವರು ಇಟ್ಟದ್ದು, ಅಥವಾ ಆಕೆಯೇ ಸ್ಥಾಪಿಸಿದ ಯಾವುದೋ ತಂತ್ರಾಂಶ ತಂದದ್ದು.

192.168 ಎಂದು ಆರಂಭವಾಗುವ ವಿಳಾಸಗಳು ಮನೆ, ಕಾಲೇಜು, ಕಚೇರಿಗಳ ಒಳಜಾಲಗಳಿಗಾಗಿ ಮೀಸಲಾದವು. 1996ರ ಜಾಲನಿಯಮದಲ್ಲಿ ಇದು ದಾಖಲಾಗಿದೆ. ಹೊರಗಿನ ಅಂತರ್ಜಾಲದಲ್ಲಿ ಅವು ಸಂಚರಿಸುವುದಿಲ್ಲ. ಆದರೆ ಇಷ್ಟರಿಂದಲೇ ಏನೂ ಸಿದ್ಧವಾಗದು. ಮುಂದೆ ಅಡಾಪ್ಟರಿನ 48 ಬಿಟ್ಟುಗಳ ಭೌತಿಕ ವಿಳಾಸವನ್ನು ನೋಡಿದೆವು. ಇದನ್ನು ಎರಡೆರಡು ಅಂಕೆಗಳ ಆರು ಜೋಡಿಗಳಾಗಿ ಬರೆಯುತ್ತಾರೆ. ಸಾಮಾನ್ಯವಾಗಿ ಮೊದಲ ಮೂರು ಜೋಡಿಗಳಿಂದ ತಯಾರಕನು ಯಾರೆಂದು ತಿಳಿಯುತ್ತದೆ. ಆದರೆ ಮೊದಲ ಜೋಡಿಯ ಎರಡನೆಯ ಅಂಕೆಯು 2, 6, ಎ, ಇ ಇವುಗಳಲ್ಲೊಂದಾಗಿದ್ದರೆ, ಆ ವಿಳಾಸವನ್ನು ಕಾರ್ಖಾನೆಯು ಕೊಟ್ಟಿಲ್ಲ, ಇಲ್ಲಿಯೇ ಕಲ್ಪಿಸಲಾಗಿದೆ ಎಂದು ಅರ್ಥ. ಇಲ್ಲಿ ಮೊದಲ ಜೋಡಿ ‘0ಎ’ ಎಂದಿತ್ತು. ಆದುದರಿಂದ ಇದರ ಹಿಂದೆ ಕಾರ್ಡೆಂಬುದು ಇಲ್ಲದಿರುವ ಸಂಭವವೇ ಹೆಚ್ಚೆಂದಾಯಿತು. ವಿವರಗಳ ಸಾಲಿನಲ್ಲಿ ವರ್ಚುವಲ್‌ಬಾಕ್ಸ್ ಎಂಬ ಹೆಸರು ಕಂಡಿತು. ಒಂದು ಯಂತ್ರದೊಳಗೆ ಮತ್ತೊಂದು ಯಂತ್ರವಿರುವಂತೆ ನಡೆಸುವ ತಂತ್ರಾಂಶ ಅದು; ಲಿನಕ್ಸ್ ಅಭ್ಯಾಸಕ್ಕಾಗಿ ಆಕೆಯೇ ಎರಡು ತಿಂಗಳ ಹಿಂದೆ ಅದನ್ನು ಹಾಕಿಕೊಂಡಿದ್ದಳು. ಅದು ತನ್ನ ಒಳಯಂತ್ರದೊಡನೆ ಮಾತನಾಡಲು ಇಂತಹ ದ್ವಾರವನ್ನು ತಾನೇ ನಿರ್ಮಿಸಿಕೊಳ್ಳುತ್ತದೆ.

ಆದರೂ ಹೆಸರು ಸುಳ್ಳಾಗಿರಬಹುದಷ್ಟೆ. ಕೊನೆಗೆ ಆ ಅಡಾಪ್ಟರೊಂದನ್ನು ಮಾತ್ರ ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದೆವು, ಅಳಿಸಲಿಲ್ಲ. ಅಂತರ್ಜಾಲ ಎಂದಿನಂತೆಯೇ ನಡೆಯಿತು. ವಿಂಡೋಸಿಗೂ ಒಳಗಿನ ಲಿನಕ್ಸಿಗೂ ಇದ್ದ ಸಂಪರ್ಕ ಮಾತ್ರ ಕಡಿಯಿತು. ಮತ್ತೆ ಸಕ್ರಿಯಗೊಳಿಸಿದಾಗ ಸಂಪರ್ಕ ಮರಳಿತು. ಇಷ್ಟಕ್ಕೆಲ್ಲ ಹಿಡಿದ ಕಾಲ ಇಪ್ಪತ್ತು ನಿಮಿಷ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಹಿಂದೆಗೆದುಕೊಳ್ಳಬಹುದಾದ ಬದಲಾವಣೆಯನ್ನೇ ಮೊದಲು ಮಾಡುವುದು, ಇದಕ್ಕಿಂತ ಹೆಚ್ಚಿನ ವಿದ್ಯೆಯೇನೂ ಇಲ್ಲಿ ಬೇಕಾಗಲಿಲ್ಲ. ಅಂಗಡಿಯವರನ್ನೂ ಪೂರ್ತಿಯಾಗಿ ದೂರುವಂತಿಲ್ಲ. ಅಳಿಸಿ ಹೊಸದಾಗಿ ಹಾಕುವುದಕ್ಕೆ ಇಂತಿಷ್ಟು ಹೊತ್ತು, ಇಂತಿಷ್ಟು ಹಣ ಎಂದು ಗೊತ್ತು, ಹುಡುಕುವುದಕ್ಕೆ ಗೊತ್ತಿಲ್ಲ.

ಇತರ ಹೆಸರುಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. 127.0.0.1 ಎಂಬುದು ಯಂತ್ರವು ತನ್ನೊಡನೆ ತಾನೇ ಮಾತನಾಡುವ ವಿಳಾಸ. 169.254 ಎಂದು ಆರಂಭವಾಗುವುದು ಕಂಡರೆ, ವಿಳಾಸ ಹಂಚುವ ಸಾಧನದಿಂದ ಉತ್ತರ ಬಾರದೆ ಯಂತ್ರವು ತಾನೇ ಒಂದನ್ನು ಆರಿಸಿಕೊಂಡಿದೆ ಎಂದು ತಿಳಿಯಬೇಕು. ಆಗ ನೋಡಬೇಕಾದುದು ಕೇಬಲ್ಲನ್ನೋ ರೂಟರನ್ನೋ ಹೊರತು ವೈರಸ್ಸನ್ನಲ್ಲ. ಟೆರೆಡೊ ಎಂಬ ಇನ್ನೊಂದು ಹೆಸರು ಮರದ ಹಡಗುಗಳ ಒಡಲನ್ನು ಕೊರೆಯುವ ಒಂದು ಮೃದ್ವಂಗಿಯದು. ಹಳೆಯ ಬಗೆಯ ಜಾಲದ ಮೂಲಕ ಹೊಸ ಬಗೆಯ ವಿಳಾಸಗಳಿಗೆ ಸುರಂಗ ತೋಡುವ ವ್ಯವಸ್ಥೆಗೆ, ಕೊರೆಯುವ ಗುಣವನ್ನು ನೆನೆದು, ಆ ಹೆಸರಿಟ್ಟರು. ಹೆದರುವವರನ್ನು ಹೆದರಿಸಲು ಇದಕ್ಕಿಂತ ತಕ್ಕ ಹೆಸರು ದೊರೆಯಲಾರದೇನೋ.

ಪ್ರಕ್ರಿಯೆಗಳ ವಿಷಯ ಇಷ್ಟು ಸುಲಭವಲ್ಲ. ಎಸ್‌ವಿಸಿಹೋಸ್ಟ್ ಎಂಬ ಹೆಸರು ಪಟ್ಟಿಯಲ್ಲಿ ಹತ್ತಾರು ಸಲ ಕಾಣುತ್ತದೆ. ಇದು ವಿಂಡೋಸಿನ ನಾನಾ ಸೇವೆಗಳಿಗೆ ಆಶ್ರಯ ಕೊಡುವ ಪ್ರೋಗ್ರಾಮು. ಮೊದಲು ಅನೇಕ ಸೇವೆಗಳು ಒಂದೇ ಆಶ್ರಯದಲ್ಲಿರುತ್ತಿದ್ದವು. 2017ರ ವಿಂಡೋಸ್ 10ರ ಪರಿಷ್ಕರಣದಿಂದೀಚೆಗೆ, 3.5 ಗಿಗಾಬೈಟಿಗಿಂತ ಹೆಚ್ಚು ಸ್ಮೃತಿಯುಳ್ಳ ಯಂತ್ರಗಳಲ್ಲಿ, ಬಹುಮಟ್ಟಿಗೆ ಒಂದೊಂದು ಸೇವೆಗೂ ಒಂದೊಂದು. ಆದುದರಿಂದ ಸಂಖ್ಯೆಯನ್ನು ಕಂಡು ಬೆದರಬೇಕಾಗಿಲ್ಲ. ಆದರೆ ಕಳ್ಳರು ಇದೇ ಹೆಸರನ್ನು ಅನುಕರಿಸುವುದುಂಟು. ವಿ, ಸಿ ಅಕ್ಷರಗಳನ್ನು ಅದಲುಬದಲು ಮಾಡಿ ‘ಎಸ್‌ಸಿವಿಹೋಸ್ಟ್’ ಎಂದು ಬರೆದರೆ ಗಮನಿಸುವವರು ವಿರಳ. ಆಗ ಕೇಳಬೇಕಾದ ಪ್ರಶ್ನೆ: ಈ ಕಡತ ಎಲ್ಲಿದೆ? ಅಸಲಿನ ಸ್ಥಾನ ವಿಂಡೋಸಿನ ಸಿಸ್ಟಮ್32 ಎಂಬ ಫೋಲ್ಡರು. ಅದನ್ನು ಆರಂಭಿಸುವುದು ಸರ್ವಿಸಸ್ ಎಂಬ ಪ್ರಕ್ರಿಯೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕುಳಿತ ಎಸ್‌ವಿಸಿಹೋಸ್ಟ್ ಖಂಡಿತವಾಗಿಯೂ ವಿಚಾರಣೆಗೆ ಅರ್ಹ. ಇದೂ ಸಾಲದೆ ಹೋಗಬಹುದು. 2008ರಲ್ಲಿ ಹರಡಿದ ಕಾನ್‌ಫಿಕರ್ ಎಂಬ ಹುಳುವು ಅಸಲಿ ಎಸ್‌ವಿಸಿಹೋಸ್ಟಿನ ಒಳಗೇ ಒಂದು ಸೇವೆಯಂತೆ ಸೇರಿಕೊಳ್ಳುತ್ತಿತ್ತು. ಅಂತಹುದು ಹೊಕ್ಕಿದೆಯೆಂದು ಸಿದ್ಧಪಟ್ಟ ಮೇಲೆ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದೇ ಯುಕ್ತ. ವಿಚಾರಣೆಗೆ ಮುಂಚೆಯೇ ಶಿಕ್ಷೆ ವಿಧಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಅಜ್ಞಾನಕ್ಕೆ ಹಣದ ರೂಪದಲ್ಲಿಯೂ ದಂಡ ತೆರಬೇಕಾಗುತ್ತದೆ. ಪ್ರಸಿದ್ಧ ಕಂಪನಿಯವರೆಂದು ಹೇಳಿಕೊಂಡು ಫೋನು ಮಾಡುವ ವಂಚಕರು, ನೆಟ್‌ಸ್ಟಾಟ್ ಎಂಬ ಆಜ್ಞೆಯನ್ನು ಕೊಡಲು ಹೇಳಿ, ಅದರಲ್ಲಿ ‘ಫಾರಿನ್ ಅಡ್ರೆಸ್’ ಎಂಬ ಕಲಮನ್ನು ತೋರಿಸಿ, ‘ನೋಡಿ, ವಿದೇಶಿಯರು ನಿಮ್ಮ ಯಂತ್ರಕ್ಕೆ ನುಗ್ಗಿದ್ದಾರೆ’ ಎನ್ನುತ್ತಾರೆ. ಅಲ್ಲಿ ‘ಫಾರಿನ್’ ಎಂದರೆ ಸಂಪರ್ಕದ ಆಚೆಯ ತುದಿ ಎಂದಷ್ಟೆ ಅರ್ಥ. ಅದು ಬೆಂಗಳೂರಿನಲ್ಲಿರುವ ಯಂತ್ರವೇ ಆಗಿರಬಹುದು, ಪಕ್ಕದ ಕೋಣೆಯ ಪ್ರಿಂಟರೇ ಆಗಿರಬಹುದು. ಇದನ್ನರಿಯದೆ ಎಷ್ಟೋ ಮಂದಿ ಹಣ ಕಳೆದುಕೊಂಡಿದ್ದಾರೆ.

ಹಾಗೆಂದು ಅಪರಿಚಿತವಾದುದನ್ನು ಕಡೆಗಣಿಸಬೇಕೆಂದು ನಾನು ಹೇಳುತ್ತಿಲ್ಲ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳಜ್ಞರು ಗಣಕ ವಿಭಾಗದ ಕೆಲಸಕ್ಕೆ ಸೇರಿದರು. ಅವರಿಗೆ ದೊರೆತ ಮೊದಲ ಕೆಲಸ ಲೆಕ್ಕದಲ್ಲಿ ಬಂದ 75 ಸೆಂಟುಗಳ ವ್ಯತ್ಯಾಸಕ್ಕೆ ಕಾರಣ ಹುಡುಕುವುದು. ಒಂದು ಡಾಲರೂ ಇಲ್ಲದ ಮೊತ್ತ. ಬೇರೆಯವರಾಗಿದ್ದರೆ ದುಂಡುಮಾಡಿ ಬಿಡುತ್ತಿದ್ದರು. ಅದರ ಹಿಂದೆ ಯಾರಿಗೂ ಪರಿಚಯವಿಲ್ಲದ ಬಳಕೆದಾರನ ಹೆಸರೊಂದಿತ್ತು. ಸ್ಟೋಲ್ ಆ ಹೆಸರನ್ನು ಅಳಿಸಿ ಕೈತೊಳೆದುಕೊಳ್ಳಲಿಲ್ಲ. ಒಳಬರುವ ತಂತಿಗಳಿಗೆ ಪ್ರಿಂಟರುಗಳನ್ನು ಜೋಡಿಸಿ, ಆಗಂತುಕನು ಒತ್ತಿದ ಅಕ್ಷರಗಳನ್ನೆಲ್ಲ ಮುದ್ರಿಸಿ, ದಿನಚರಿಯಲ್ಲಿ ಬರೆದಿಟ್ಟರು. ಸಂಕೇತಗಳು ಹೋಗಿಬರಲು ಹಿಡಿಯುವ ಕಾಲವನ್ನು ಅಳೆದು, ದೂರ ಗೊತ್ತಿರುವ ಊರುಗಳ ಅಳತೆಯೊಡನೆ ಹೋಲಿಸಿ, ಆತನು ಬಹುದೂರದಲ್ಲಿರುವನೆಂದು ಊಹಿಸಿದರು. ತಿಂಗಳುಗಟ್ಟಲೆ ನಡೆದ ಈ ಶೋಧನೆ ಕೊನೆಗೆ ಪಶ್ಚಿಮ ಜರ್ಮನಿಯ ಹನೋವರ್ ನಗರದ ಒಬ್ಬ ಯುವಕನನ್ನು ಮುಟ್ಟಿತು. ಅಮೆರಿಕದ ಸೈನಿಕ ಗಣಕಗಳಿಂದ ಕದ್ದ ಮಾಹಿತಿಯನ್ನು ಅವನ ತಂಡವು ಸೋವಿಯತ್ ಗೂಢಚಾರರಿಗೆ ಮಾರುತ್ತಿತ್ತು. ಸ್ಟೋಲ್ ಪ್ರಯೋಗಿಸಿದುದು ಭೌತವಿಜ್ಞಾನಿಯ ವಿಧಾನವನ್ನೇ.

ವಾಹನ ನಡೆಸುವವರೆಲ್ಲ ಎಂಜಿನನ್ನು ಬಿಚ್ಚಬಲ್ಲರೆ ಎಂದು ನನ್ನ ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ಬಿಚ್ಚಬೇಕಾಗಿಲ್ಲ, ಆದರೆ ತಮ್ಮ ವಾಹನದ ಎಂದಿನ ಸದ್ದು ಯಾವುದೆಂದು ತಿಳಿದಿರಬೇಕಷ್ಟೆ. ಪ್ರಥಮ ಬಿ.ಎಸ್ಸಿ. ಪ್ರಯೋಗಗಳ ಆರಂಭದಲ್ಲಿ, ಸ್ಕ್ರೂಗೇಜಿನ ಶೂನ್ಯದೋಷವನ್ನು ಕಲಿಸುವ ವಾರದಲ್ಲಿಯೇ, ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಬೇಕೆಂದು ನನ್ನ ಸೂಚನೆ. ಯಂತ್ರವು ಸ್ವಸ್ಥವಾಗಿರುವಾಗಲೇ ಐಪಿಕಾನ್ಫಿಗ್, ಟಾಸ್ಕ್‌ಲಿಸ್ಟ್ ಎಂಬ ಎರಡು ಆಜ್ಞೆಗಳನ್ನು ಕೊಟ್ಟು, ಅದರಲ್ಲಿರುವ ಅಡಾಪ್ಟರುಗಳ ಮತ್ತು ಪ್ರಕ್ರಿಯೆಗಳ ಹೆಸರುಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾರೀಖು ಹಾಕಿ ಬರೆದುಕೊಳ್ಳಲಿ. ಮುಂದೆ ಹೊಸ ತಂತ್ರಾಂಶವನ್ನು ಹಾಕಿದಾಗಲೆಲ್ಲ ಪಟ್ಟಿಯಲ್ಲಿ ಏನು ಸೇರಿತೆಂಬುದನ್ನು ಅದರ ಕೆಳಗೆ ಬರೆಯಲಿ. ಬರೆಯುವುದು ಪ್ರಯೋಗದ ನೋಟುಪುಸ್ತಕದಲ್ಲಿಯೇ ಆಗಬೇಕು. ಯಂತ್ರದೊಳಗೇ ಬರೆದಿಟ್ಟರೆ, ಅದು ಕೆಟ್ಟುನಿಂತ ದಿನ ಆ ಪಟ್ಟಿ ಯಾರ ಕೈಗೂ ಸಿಗುವುದಿಲ್ಲ.